ಲೆವೆಲ್ 5ರ ಕಾಳಗ: ಪೊಕೆಮಾನ್ ಲಿಟಲ್ ಕಪ್‌ಗೆ ಹೊಸಬರಿಗಾಗಿ ಸಮಗ್ರ ಮಾರ್ಗದರ್ಶಿ

ಪಿಕಾಚುಗೆ ಇಲ್ಲಿ ಪ್ರವೇಶವಿಲ್ಲ. ಪೊಕೆಮಾನ್ ಎಂದೊಡನೆ ಆ ಹಳದಿ ಮುಖವೊಂದೇ ನೆನಪಾಗುವವರಿಗೆ ಲಿಟಲ್ ಕಪ್ ಪರಿಚಯಿಸುವಾಗ ನಾನು ಮೊದಲು ಹೇಳುವ ಮಾತು ಇದು. ಪಿಕಾಚು ಪಿಚುವಿನಿಂದ ಬೆಳೆದು ಬಂದದ್ದು. ಲಿಟಲ್ ಕಪ್‌ನಲ್ಲಿ ಕಣಕ್ಕಿಳಿಯಬಹುದಾದದ್ದು ವಿಕಾಸದ ಮೊದಲ ಮೆಟ್ಟಿಲಲ್ಲೇ ನಿಂತಿರುವ, ಮುಂದೆ ವಿಕಾಸವಾಗಬಲ್ಲ ಪೊಕೆಮಾನ್ ಮಾತ್ರ. ಪಿಚು ಬರಬಹುದು, ಬಲ್ಬಸಾರ್ ಬರಬಹುದು, ಚಾರ್‌ಮ್ಯಾಂಡರ್ ಬರಬಹುದು. ಬಂದವೆಲ್ಲವೂ ಲೆವೆಲ್ 5ರಲ್ಲಿರಬೇಕು. ಬಹುತೇಕ ಪೊಕೆಮಾನ್‌ಗಳ ಎಚ್‌ಪಿ, ಅಂದರೆ ಆಯುಸ್ಸಿನ ಅಂಕ, ಇಪ್ಪತ್ತರ ಆಸುಪಾಸಿನಲ್ಲಿರುತ್ತದೆ, ಏಟುಗಳು ಎಂಟು, ಹತ್ತು, ಹನ್ನೆರಡು ಅಂಕಗಳಲ್ಲಿ ಬೀಳುತ್ತವೆ. ಇಡೀ ಕಾಳಗವನ್ನು ಬೆರಳಲ್ಲಿ ಎಣಿಸಬಹುದು. ಈ ಆಟದ ಸೊಬಗೆಲ್ಲ ಆ ಎಣಿಕೆಯಲ್ಲೇ ಇದೆ ಎಂದು ನಾನು ನಂಬಿದ್ದೇನೆ, ಅದನ್ನೇ ಇಲ್ಲಿ ಕಲಿಸಲು ಹೊರಟಿದ್ದೇನೆ.

ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ನಿಂಟೆಂಡೊ 64ಕ್ಕಾಗಿ ಬಂದ ಪೊಕೆಮಾನ್ ಸ್ಟೇಡಿಯಂ 2 ಆಟದಲ್ಲಿಯೇ ಲಿಟಲ್ ಕಪ್ ಎಂಬ ಪಂದ್ಯವಿತ್ತು. ಅಮೆರಿಕದಲ್ಲಿ ಆ ಆಟ 2001ರಲ್ಲಿ ಬಿಡುಗಡೆಯಾಯಿತು. ಆಮೇಲೆ 2004ರಲ್ಲಿ ಆರಂಭವಾದ ಸ್ಮೋಗಾನ್ ಎಂಬ ಆಟಗಾರರ ಸಮುದಾಯ ಇದಕ್ಕೆ ತನ್ನದೇ ನಿಯಮಗಳನ್ನು ಕಟ್ಟಿ ಜೀವಂತವಾಗಿಟ್ಟಿತು. ಆದರೂ ಜನರ ಗಮನ ಇತ್ತ ಹರಿದದ್ದು ಕಡಿಮೆ. ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ನಡೆಯುವುದು ಲೆವೆಲ್ 50ರ ಜೋಡಿ ಕಾಳಗದಲ್ಲಿ. ಅಂತರಜಾಲದಲ್ಲಿ ಹೆಚ್ಚು ಜನ ಆಡುವುದು ಲೆವೆಲ್ 100ರ ದೊಡ್ಡ ಪೊಕೆಮಾನ್‌ಗಳನ್ನು. ಮರಿಗಳ ಕಾಳಗವನ್ನು ಮಕ್ಕಳಾಟವೆಂದು ಬದಿಗಿಟ್ಟವರೇ ಹೆಚ್ಚು. ಕೊಡಗಿನವರಿಗೆ ಇದನ್ನು ವಿವರಿಸುವುದು ಸುಲಭ: ಐವರ ಹಾಕಿಯನ್ನು ಆಡಿದವರು ಯಾರೂ ಅದನ್ನು ಹನ್ನೊಂದು ಜನರ ಹಾಕಿಯ ಚಿಕ್ಕ ತಮ್ಮ ಎನ್ನುವುದಿಲ್ಲ. ಅಂಗಳ ಕಿರಿದಾದಷ್ಟೂ ತಪ್ಪಿಗೆ ಜಾಗ ಕಡಿಮೆ.

ಪೊಕೆಮಾನ್ ಗೋ ಆಡುವವರಿಗೆ ಒಂದು ಮಾತು. ಅಲ್ಲಿಯೂ 500 ಸಿಪಿ ಮಿತಿಯ ಲಿಟಲ್ ಕಪ್ ಇದೆ. ಹೆಸರು ಒಂದೇ, ಆಟ ಬೇರೆ. ಇಲ್ಲಿ ಹೇಳುವುದು ಸರದಿಯ ಮೇಲೆ ನಡೆಯುವ, ಆರು ಪೊಕೆಮಾನ್‌ಗಳ ಕಾಳಗದ ವಿಷಯ.

ಮೊದಲ ಹೆಜ್ಜೆ: ಕಣಕ್ಕೆ ಇಳಿಯುವುದು

ನಮ್ಮ ಮನೆ ಮಡಿಕೇರಿಯಿಂದ ಗಾಳಿಬೀಡಿನ ಕಡೆ ಹೋಗುವ ದಾರಿಯಲ್ಲಿದೆ. ಜೂನ್ ಬಂದರೆ ಮರ ಬಿದ್ದು ವಿದ್ಯುತ್ ಹೋಗುವುದು, ಮೊಬೈಲಿನಲ್ಲಿ ಒಂದೇ ಗೆರೆ ಸಿಗ್ನಲ್ ನಿಲ್ಲುವುದು ದಿನದ ಮಾತು. ಅಂಥ ಕಡೆಯೂ ಈ ಆಟ ನಡೆಯುತ್ತದೆ. ಪೊಕೆಮಾನ್ ಶೋಡೌನ್ ಎಂಬ ಉಚಿತ ತಾಣ ಬ್ರೌಸರಿನಲ್ಲೇ ತೆರೆಯುತ್ತದೆ. ಆಟದ ಯಂತ್ರ ಬೇಡ, ಕ್ಯಾಸೆಟ್ ಬೇಡ, ಪೊಕೆಮಾನ್ ಹಿಡಿದು ತಿಂಗಳುಗಟ್ಟಲೆ ಸಾಕುವುದೂ ಬೇಡ. ಬೇಕಾದದ್ದನ್ನು ಆರಿಸಿ, ಅಂಕಗಳನ್ನು ತುಂಬಿ, ಕಾಳಗಕ್ಕೆ ಇಳಿಯಬಹುದು. ಒಂದೊಂದು ಸರದಿಗೆ ಹೋಗಿ ಬರುವುದು ಕೆಲವೇ ಸಾಲುಗಳ ಮಾಹಿತಿಯಾದ್ದರಿಂದ, ವಿಡಿಯೊ ತೊಡರುವ ಜಾಗದಲ್ಲೂ ಆಟ ತೊಡರುವುದಿಲ್ಲ. ಆಯ್ಕೆಗಳ ಪಟ್ಟಿಗೆ ಹೋಗಿ ಅನಿಮೇಷನ್ನನ್ನೂ ಧ್ವನಿಯನ್ನೂ ನಿಲ್ಲಿಸಿಬಿಡಿ, ಹಳೆಯ ಮೊಬೈಲ್ ಕೂಡ ಹಗುರಾಗುತ್ತದೆ.

ಮೊದಲು ಒಂದು ಹೆಸರು ಆರಿಸಿ, ಗುಪ್ತಪದ ಇಟ್ಟು ನೋಂದಾಯಿಸಿ. ನಿಮ್ಮ ನಿಜ ಹೆಸರು, ಊರಿನ ಹೆಸರು ಬೇಡ. ಮನೆಯ ಚಿಕ್ಕವರಿಗೆ ಇದನ್ನು ಒತ್ತಿ ಹೇಳಿ. ಆಮೇಲೆ ಕಾಳಗದ ಬಗೆಗಳ ಪಟ್ಟಿಯಲ್ಲಿ ಎಲ್‌ಸಿ ಎಂದಿರುವುದನ್ನು ಹುಡುಕಿ. ಅದೇ ಲಿಟಲ್ ಕಪ್. ಮಧ್ಯದಲ್ಲಿ ಸಂಪರ್ಕ ಕಡಿದರೆ ಗಾಬರಿ ಬೇಡ: ಅದೇ ಹೆಸರಿನಲ್ಲಿ ಮರಳಿ ಬಂದರೆ ಕಾಳಗ ಬಿಟ್ಟಲ್ಲೇ ಇರುತ್ತದೆ. ಎದುರಾಳಿ ಗಡಿಯಾರ ಚಾಲೂ ಮಾಡಿದ್ದರೆ ಮಾತ್ರ ಸಮಯ ಓಡುತ್ತಿರುತ್ತದೆ. ನಾವು ಮಳೆಗಾಲದಲ್ಲಿ ಕಾಫಿ ಕಣದ ಮೂಲೆಯಲ್ಲಿ, ಸಿಗ್ನಲ್ ಗಟ್ಟಿಯಾಗಿ ಸಿಗುವ ಒಂದು ಕಲ್ಲಿನ ಪಕ್ಕ ಕೊಡೆ ಹಿಡಿದು ಕುಳಿತು ಆಡಿದ್ದೂ ಇದೆ.

ಎರಡನೇ ಹೆಜ್ಜೆ: ಇಪ್ಪತ್ತರ ಲೆಕ್ಕ

ಹೊಸಬರು ಹೆಚ್ಚು ಸೋಲುವುದು ಕಾಳಗದಲ್ಲಿ ಅಲ್ಲ, ತಂಡ ಕಟ್ಟುವ ಪುಟದಲ್ಲಿ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಪ್ರತಿ ಪೊಕೆಮಾನ್‌ಗೂ ಆರು ಗುಣಗಳಿವೆ: ಎಚ್‌ಪಿ, ದಾಳಿ, ರಕ್ಷಣೆ, ವಿಶೇಷ ದಾಳಿ, ವಿಶೇಷ ರಕ್ಷಣೆ, ವೇಗ. ಪ್ರತಿ ಗುಣಕ್ಕೂ ಹುಟ್ಟಿನಿಂದ ಬಂದ ಮೂಲ ಅಂಕ ಒಂದು. ಅದರ ಮೇಲೆ ಐವಿ, ಅಂದರೆ ಒಂದೇ ಜಾತಿಯಲ್ಲೂ ಪೊಕೆಮಾನ್‌ನಿಂದ ಪೊಕೆಮಾನ್‌ಗೆ ಬದಲಾಗುವ ಅಂಕ, ಗರಿಷ್ಠ 31. ಅದರ ಮೇಲೆ ನೀವು ಹಂಚುವ ಇವಿ, ಅಂದರೆ ತರಬೇತಿಯ ಅಂಕ. ಒಂದು ಗುಣಕ್ಕೆ 252ರವರೆಗೆ, ಆರಕ್ಕೂ ಸೇರಿ 510ರವರೆಗೆ ಇವಿ ಹಾಕಬಹುದು. ಲೆವೆಲ್ 5ರಲ್ಲಿ ಲೆಕ್ಕ ಹೀಗೆ: ಮೂಲ ಅಂಕದ ಎರಡರಷ್ಟಕ್ಕೆ ಐವಿ ಸೇರಿಸಿ, ಇವಿಯ ನಾಲ್ಕನೇ ಒಂದು ಭಾಗ ಸೇರಿಸಿ, ಬಂದದ್ದನ್ನು 20ರಿಂದ ಭಾಗಿಸಿ. ಶೇಷವನ್ನು ಬಿಟ್ಟುಬಿಡಿ. ಅದಕ್ಕೆ 5 ಕೂಡಿಸಿ. ಎಚ್‌ಪಿ ಆದರೆ 15 ಕೂಡಿಸಿ. ಕೊನೆಯಲ್ಲಿ ಸ್ವಭಾವ, ಅಂದರೆ ನೇಚರ್, ಒಂದು ಗುಣವನ್ನು ಹತ್ತನೇ ಒಂದು ಭಾಗ ಏರಿಸಿ ಇನ್ನೊಂದನ್ನು ಅಷ್ಟೇ ಇಳಿಸುತ್ತದೆ. ಅಲ್ಲಿಯೂ ಶೇಷ ಬಿದ್ದುಹೋಗುತ್ತದೆ.

ಈ ಶೇಷದ ಮೇಲೆ ಕಣ್ಣಿಡಿ. ಲೆವೆಲ್ 100ರಲ್ಲಿ 4 ಇವಿಗೆ ಒಂದು ಅಂಕ ಸಿಗುತ್ತದೆ. ಇಲ್ಲಿ ಒಂದು ಅಂಕ ಏರಲು 80 ಇವಿ ಬೇಕು, ಮೆಟ್ಟಿಲಿನ ಅಂಚಿಗೆ ಒಂದು ಇವಿ ಕಡಿಮೆಯಾದರೂ ಹಾಕಿದ್ದೆಲ್ಲ ಮಣ್ಣುಪಾಲು. ಕಾಫಿ ಮಾರುವ ಮನೆಯವರಿಗೆ ಇದು ತಿಳಿಯದ ಮಾತಲ್ಲ. ಐವತ್ತು ಕೆಜಿ ಚೀಲದ ಚೆರಿಯಲ್ಲಿ ಎಷ್ಟು ಕೆಜಿ ಬೀಜ ಇಳಿಯುತ್ತದೆ ಎನ್ನುವ ಔಟ್‌ಟರ್ನ್ ಲೆಕ್ಕದಲ್ಲಿ ಅರ್ಧ ಕೆಜಿ ಆಚೀಚೆಯಾದರೆ ನಮ್ಮ ಅಪ್ಪ ರಾತ್ರಿಯಿಡೀ ಅದನ್ನೇ ಮಾತನಾಡುತ್ತಾರೆ.

ಹೋದ ಮಳೆಗಾಲ ಚಿಕ್ಕಪ್ಪನ ಮಗ ರಜೆಗೆ ಬಂದಿದ್ದ. ಅವನು ಲೆವೆಲ್ 100ರ ಆಟದಲ್ಲಿ ಪಳಗಿದವನು. ಅಲ್ಲಿನ ರೂಢಿಯಂತೆ, ಕಾದಾಟದ ಟೈಪಿನ (ಬಗೆಯ) ಪೊಕೆಮಾನ್ ಆದ ತನ್ನ ಮೀನ್‌ಫೂಗೆ ದಾಳಿಗೆ 252, ವೇಗಕ್ಕೆ 252, ಉಳಿದ 4 ಎಲ್ಲೋ ಒಂದು ಕಡೆ ಎಂದು ಹಾಕಿಕೊಂಡು ನನ್ನೆದುರು ಬಂದ. ನನ್ನ ಪಾನ್‌ಯಾರ್ಡ್ ಅಂಗಳದಲ್ಲಿತ್ತು. ಮೀನ್‌ಫೂ ಒಳಗೆ ಬರುವಾಗಲೇ ಐರನ್ ಹೆಡ್ ಎಂಬ ಏಟು ಬಿತ್ತು: 12 ಅಂಕ. 21 ಎಚ್‌ಪಿಯಲ್ಲಿ 9 ಉಳಿಯಿತು. ಕಾದಾಟದ ಟೈಪ್ ಎದುರಾದಾಗ ಪಾನ್‌ಯಾರ್ಡ್ ಓಡಿಹೋಗುತ್ತದೆ, ಬದಲಿಗೆ ನನ್ನ ತಂಡದ ಫೂಂಗಸ್ ಬರುತ್ತದೆ ಎಂದು ಅವನು ಊಹಿಸಿದ. ಫೂಂಗಸ್‌ನ ಕೈಯಲ್ಲಿರುವುದನ್ನು ಬೀಳಿಸಲು ನಾಕ್ ಆಫ್ ಒತ್ತಿದ. ನಾನು ಕದಲಲಿಲ್ಲ. ಇನ್ನೊಂದು ಐರನ್ ಹೆಡ್, ಇನ್ನೊಂದು 12. ಮೀನ್‌ಫೂ ಮಲಗಿತು.

“ಅಕ್ಕಾ, ನನ್ನ ಊಹೆ ತಪ್ಪಾಯಿತು” ಎಂದ.

“ಊಹೆ ತಪ್ಪಿದರೂ ನೀನು ಉಳಿಯಬೇಕಿತ್ತು” ಎಂದೆ. ಅಡುಗೆಮನೆಯ ಗೋಡೆಯಲ್ಲಿದ್ದ ಹಳೆಯ ಕ್ಯಾಲೆಂಡರ್ ಹಾಳೆ ಹರಿದು, ಹಿಂಬದಿಯಲ್ಲಿ ಲೆಕ್ಕ ಹಾಕಿದೆವು.

ಮೀನ್‌ಫೂನ ಮೂಲ ದಾಳಿ 85. ಎರಡರಷ್ಟು 170, ಐವಿ ಸೇರಿ 201. 252 ಇವಿ ಎಂದರೆ 63, ಒಟ್ಟು 264. ಇಪ್ಪತ್ತರಿಂದ ಭಾಗಿಸಿದರೆ 13, ಐದು ಕೂಡಿದರೆ 18. ಆದರೆ 13 ಬರಲು 260 ಸಾಕು, ಅಂದರೆ 236 ಇವಿ ಸಾಕು. ಉಳಿದ 16 ಸುಮ್ಮನೆ ಕುಳಿತಿವೆ. ವೇಗದ ಮೂಲ ಅಂಕ 65: 161ಕ್ಕೆ 59 ಸೇರಿದರೆ 220, ಅಲ್ಲಿಯೂ 236 ಸಾಕು. ವೇಗ ಏರಿಸುವ ಜಾಲಿ ನೇಚರ್ ಸೇರಿ ವೇಗ 17. ಎರಡೂ ಕಡೆ 16ರಂತೆ 32 ಇವಿ ಉಳಿಯಿತು, ಮೊದಲೇ ಇದ್ದ ಬಿಡಿ 6 ಸೇರಿದರೆ 38. ಈಗ ರಕ್ಷಣೆ ನೋಡಿ: ಮೂಲ ಅಂಕ 50, ಲೆಕ್ಕದಲ್ಲಿ 131, ಅಂಕ 11. ಅದು 140 ಆಗಲು 36 ಇವಿ ಬೇಕು. ನಮ್ಮಲ್ಲಿ ಇದೆ! ರಕ್ಷಣೆ 12 ಆಯಿತು. ಕೈಯಲ್ಲಿ ಇವಿಯೋಲೈಟ್ ಎಂಬ ಕಲ್ಲು ಇದ್ದರೆ ರಕ್ಷಣೆ ಒಂದೂವರೆ ಪಟ್ಟು. 11ಕ್ಕೆ ಹದಿನಾರೂವರೆ, ಅರ್ಧ ಬಿದ್ದು 16. 12ಕ್ಕೆ ಪೂರ್ತಿ 18. ಬಿಸಾಡಿದ್ದ ಇವಿಯಿಂದ ಎರಡು ಅಂಕ ರಕ್ಷಣೆ ಬಂತು, ದಾಳಿ ವೇಗಗಳಲ್ಲಿ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ಆ ಎರಡು ಅಂಕದ ಬೆಲೆ ಎಷ್ಟು? ಏಟಿನ ಲೆಕ್ಕ ಇದು: ಲೆವೆಲ್ 5ರಲ್ಲಿ 4ನ್ನು ಏಟಿನ ಬಲದಿಂದ ಗುಣಿಸಿ, ದಾಳಿಯಿಂದ ಗುಣಿಸಿ, ರಕ್ಷಣೆಯಿಂದ ಭಾಗಿಸಿ, ಮತ್ತೆ 50ರಿಂದ ಭಾಗಿಸಿ, 2 ಕೂಡಿಸಿ. ಆಮೇಲೆ ಅದೃಷ್ಟದ ಪಾಲು: 85ರಿಂದ 100ರವರೆಗಿನ ಹದಿನಾರು ಶೇಕಡಾಗಳಲ್ಲಿ ಯಾವುದಾದರೂ ಒಂದು. ಏಟು ಪೊಕೆಮಾನ್‌ನ ಸ್ವಂತ ಟೈಪಿನದಾದರೆ ಒಂದೂವರೆ ಪಟ್ಟು. ನನ್ನ ಪಾನ್‌ಯಾರ್ಡ್‌ನ ದಾಳಿ 18, ಐರನ್ ಹೆಡ್‌ನ ಬಲ 80. ರಕ್ಷಣೆ 16 ಇದ್ದಾಗ ಹದಿನಾರರಲ್ಲಿ ನಾಲ್ಕು ಬಾರಿ 10, ಹನ್ನೊಂದು ಬಾರಿ 12, ಒಂದು ಬಾರಿ 13. ರಕ್ಷಣೆ 18 ಇದ್ದಾಗ ಮೂರು ಬಾರಿ 9, ಹನ್ನೆರಡು ಬಾರಿ 10, ಒಂದೇ ಬಾರಿ 12. ಅವನ ಮೀನ್‌ಫೂ ಎರಡು ಏಟು ತಿಂದು ಉಳಿಯಬೇಕಾದರೆ ಎರಡೂ 10 ಆಗಬೇಕಿತ್ತು. ಅದು ಹದಿನಾರು ಸಲಕ್ಕೊಮ್ಮೆ ಆಗುವ ಮಾತು. 36 ಇವಿ ಸರಿಯಾದ ಜಾಗದಲ್ಲಿ ಬಿದ್ದಿದ್ದರೆ ಎಂಟರಲ್ಲಿ ಏಳು ಸಲ ಉಳಿಯುತ್ತಿತ್ತು, ಬಹುತೇಕ ಒಂದೇ ಒಂದು ಎಚ್‌ಪಿಯಲ್ಲಿ. ಮುಂದಿನ ಸರದಿಯಲ್ಲಿ ಅದರ ಡ್ರೇನ್ ಪಂಚ್‌ಗೆ ಉಕ್ಕು ಮತ್ತು ಕತ್ತಲೆ ಎರಡೂ ಟೈಪಿನ ನನ್ನ ಪಾನ್‌ಯಾರ್ಡ್ ನಾಲ್ಕು ಪಟ್ಟು ಪೆಟ್ಟು ತಿಂದು ನೆಲಕಚ್ಚುತ್ತಿತ್ತು. ಹುಡುಗ ಆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಆದ್ದರಿಂದ ನಿಮ್ಮ ಮೊದಲ ಅಭ್ಯಾಸ ಇದು. ಯಾವುದೇ ಪೊಕೆಮಾನ್ ತೆಗೆದುಕೊಂಡರೂ, ಇವಿಯ ಗೆರೆಯನ್ನು ನಿಧಾನವಾಗಿ ಎಳೆಯುತ್ತ ಅಂಕ ಯಾವಾಗ ಏರುತ್ತದೆ ಎಂದು ನೋಡಿ. 36, 76, 116, 156, 196, 236: ಈ ಸಂಖ್ಯೆಗಳು ಮತ್ತೆ ಮತ್ತೆ ಸಿಗುತ್ತವೆ. ಮೂಲ ಅಂಕ 5, 10ರಲ್ಲಿ ಕೊನೆಗೊಳ್ಳುವ ಪೊಕೆಮಾನ್‌ಗಳಲ್ಲಿ ಮೆಟ್ಟಿಲುಗಳು ಬಹುತೇಕ ಅಲ್ಲೇ ಇರುತ್ತವೆ. 510ರಲ್ಲಿ ಸ್ವಲ್ಪ ಮಿಕ್ಕಿದರೆ ಮಿಗಲಿ.

ನೇಚರ್ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಅಂಕ 10ರಿಂದ 19ರೊಳಗೆ ಇದ್ದರೆ ನೇಚರ್ ಕೊಡುವುದು ಒಂದೇ ಅಂಕ. 20 ಮುಟ್ಟಿದರೆ ಎರಡು. ವೇಗದಲ್ಲಿ ಮಾತ್ರ ಆ ಒಂದು ಅಂಕವನ್ನು ಬಿಡಬೇಡಿ, ಏಕೆಂದರೆ ಯಾರು ಮೊದಲು ಹೊಡೆಯುತ್ತಾರೆ ಎನ್ನುವುದು ಅದರ ಮೇಲೆಯೇ ನಿಂತಿದೆ. ಲೆವೆಲ್ 5ರಲ್ಲಿ ವೇಗಗಳು ಒಂದರ ಮೇಲೊಂದು ಬಂದು ಕೂರುತ್ತವೆ. ಮೂಲ ವೇಗ 95 ಇರುವ ಎಲೆಕಿಡ್, 100 ಇರುವ ವೋಲ್ಟಾರ್ಬ್ ಇಬ್ಬರೂ ಇಲ್ಲಿ 20ಕ್ಕೇ ನಿಲ್ಲುತ್ತಾರೆ. ಎದುರುಬದುರಾದರೆ ನಾಣ್ಯ ಚಿಮ್ಮಿದಂತೆ. ವಿಂಗಲ್ 19. ಮೀನ್‌ಫೂ 17. ಪಾನ್‌ಯಾರ್ಡ್ 16. ಈ ನಾಲ್ಕು ಸಂಖ್ಯೆಗಳನ್ನು ಬಾಯಿಪಾಠ ಮಾಡಿದರೆ ಮೊದಲ ವಾರಕ್ಕೆ ಸಾಕು.

ಮೂರನೇ ಹೆಜ್ಜೆ: ಕೈಯಲ್ಲಿ ಏನು ಹಿಡಿಸಬೇಕು

ಇವಿಯೋಲೈಟ್ 2010ರಲ್ಲಿ ಬ್ಲ್ಯಾಕ್ ಮತ್ತು ವೈಟ್ ಆಟಗಳೊಂದಿಗೆ ಬಂತು. ಇನ್ನೂ ವಿಕಾಸವಾಗಬಲ್ಲ ಪೊಕೆಮಾನ್ ಅದನ್ನು ಹಿಡಿದರೆ ಎರಡೂ ರಕ್ಷಣೆಗಳು ಒಂದೂವರೆ ಪಟ್ಟಾಗುತ್ತವೆ. ಇಲ್ಲಿರುವವರೆಲ್ಲ ವಿಕಾಸವಾಗಬಲ್ಲವರೇ ಆದ್ದರಿಂದ ಎಲ್ಲರಿಗೂ ಅದು ಹೊಂದುತ್ತದೆ. ಅನುಮಾನ ಬಂದಾಗ ಇವಿಯೋಲೈಟ್ ಕೊಡಿ. ಮೇಲೆ ನೋಡಿದಂತೆ ರಕ್ಷಣೆಯನ್ನು ಸಮಸಂಖ್ಯೆಗೆ ತಂದು ನಿಲ್ಲಿಸಿ. ಬೆಸಸಂಖ್ಯೆ ಯಾವಾಗಲೂ ಅರ್ಧ ಅಂಕ ಕಳೆದುಕೊಳ್ಳುತ್ತದೆ.

ಎಲ್ಲರ ಕೈಯಲ್ಲೂ ಅದೇ ಇರುವುದರಿಂದ ಈ ಆಟದ ಅತಿ ಬೆಲೆಬಾಳುವ ಏಟು ನಾಕ್ ಆಫ್. ಬಲ 65, ಎದುರಾಳಿಯ ಕೈಯಲ್ಲಿ ವಸ್ತುವಿದ್ದರೆ ಒಂದೂವರೆ ಪಟ್ಟು ಬಲ, ಜೊತೆಗೆ ಆ ವಸ್ತು ಕಾಳಗ ಮುಗಿಯುವವರೆಗೆ ಇಲ್ಲ. ಹತ್ತಿರದಿಂದ ನೋಡೋಣ. ನನ್ನ ಫೂಂಗಸ್‌ನ ರಕ್ಷಣೆ 12, ಇವಿಯೋಲೈಟ್ ಸೇರಿ 18. ದಾಳಿ 18 ಇರುವ ಮೀನ್‌ಫೂನ ನಾಕ್ ಆಫ್ 7ರಿಂದ 9 ಕಳೆಯುತ್ತದೆ. ಪೆಟ್ಟು ದೊಡ್ಡದಲ್ಲ. ಆದರೆ ಆಮೇಲೆ ಪಾನ್‌ಯಾರ್ಡ್ ಬಂದು ಐರನ್ ಹೆಡ್ ಕೊಟ್ಟರೆ, ಮೊದಲು 9ರಿಂದ 12 ಆಗುತ್ತಿದ್ದ ಪೆಟ್ಟು ಈಗ 13ರಿಂದ 16. ನಾಕ್ ಆಫ್ ಒತ್ತುವಾಗ ನೋಡಬೇಕಾದದ್ದು ಇಂದಿನ ಎಚ್‌ಪಿಯನ್ನಲ್ಲ, ಇನ್ನು ಮೂರು ಸರದಿಯ ನಂತರದ ಎಚ್‌ಪಿಯನ್ನು.

ಒರಾನ್ ಹಣ್ಣು ಎಚ್‌ಪಿ ಅರ್ಧಕ್ಕಿಳಿದಾಗ 10 ಮರಳಿಸುತ್ತದೆ. ದೊಡ್ಡ ಆಟದಲ್ಲಿ ಮುನ್ನೂರು ಎಚ್‌ಪಿಯ ಮುಂದೆ ಅದಕ್ಕೆ ಬೆಲೆಯೇ ಇಲ್ಲ. ಇಲ್ಲಿ ಅದು ಅರ್ಧ ಆಯುಸ್ಸು. 2013ರ ಎಕ್ಸ್ ಮತ್ತು ವೈ ಕಾಲದ ಲಿಟಲ್ ಕಪ್ ಆಡಿದವರು ಬೆರ್ರಿ ಜ್ಯೂಸ್ ಮರೆಯುವುದಿಲ್ಲ. ಅದು 20 ಮರಳಿಸುತ್ತಿತ್ತು. ಪೂರ್ಣ ಎಚ್‌ಪಿಯಲ್ಲಿದ್ದಾಗ ಎಂಥ ಏಟು ಬಿದ್ದರೂ 1 ಎಚ್‌ಪಿ ಉಳಿಸುವ ಸ್ಟರ್ಡಿ ಎಂಬ ಸಹಜ ಶಕ್ತಿ (ಅಬಿಲಿಟಿ) ಮ್ಯಾಗ್ನೆಮೈಟ್‌ಗೆ ಇದೆ, ಅದರ ಎಚ್‌ಪಿ 19. ಒಂದು ಏಟಿಗೆ 1 ಉಳಿಯುತ್ತಿತ್ತು, ಜ್ಯೂಸ್ ಕುಡಿದು ಮತ್ತೆ 19 ಆಗುತ್ತಿತ್ತು, ಸ್ಟರ್ಡಿ ಮತ್ತೆ ಸಿದ್ಧವಾಗುತ್ತಿತ್ತು. ಶೋಡೌನ್‌ನಲ್ಲಿ ಹಳೆಯ ತಲೆಮಾರಿನ ಆಟಗಳ ಕಾಳಗವನ್ನೂ ಆಡಬಹುದು. ಆ ಹೊಡೆತವನ್ನು ಒಮ್ಮೆಯಾದರೂ ಕಣ್ಣಾರೆ ಕಾಣಿ.

ಎಚ್‌ಪಿಯನ್ನು ಹೆಚ್ಚಿಸಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ನಡೆಯದು. ಏಟಿನ ಪೆಟ್ಟು ಹೆಚ್ಚಿಸುವ ಲೈಫ್ ಆರ್ಬ್ ಎಂಬ ವಸ್ತು ಹಿಡಿದವರು ಪ್ರತಿ ಏಟಿಗೂ ತಮ್ಮ ಎಚ್‌ಪಿಯ ಹತ್ತನೇ ಒಂದು ಭಾಗ ತೆರುತ್ತಾರೆ. 20 ಇದ್ದರೆ 2. 19 ಇದ್ದರೆ ಶೇಷ ಬಿದ್ದು 1. ವಿಂಗಲ್‌ನ ಎಚ್‌ಪಿ 20 ಬರುತ್ತದೆ. ಬೇಕೆಂದೇ ಅದರ ಎಚ್‌ಪಿಯ ಐವಿಯನ್ನು 19ಕ್ಕೆ ಇಳಿಸಿದರೆ ಎಚ್‌ಪಿಯೂ 19 ಆಗುತ್ತದೆ. ಐದು ಏಟಿಗೆ ಹತ್ತು ತೆರುವ ಬದಲು ಐದು. ಒಂದು ಕೊಟ್ಟು ಐದು ಉಳಿಸುವ ವ್ಯಾಪಾರ. ಎದುರಾಳಿ ಹಾಸಿದ ಸ್ಟೆಲ್ತ್ ರಾಕ್ ಕಲ್ಲುಗಳ ಮೇಲೆ ಕಾಲಿಟ್ಟಾಗಲೂ ಇದೇ ಲಾಭ: ಹಾರುವ ವಿಂಗಲ್‌ಗೆ ಕಾಲು ಭಾಗ ಹೋಗುತ್ತದೆ, 20ಕ್ಕೆ 5, 19ಕ್ಕೆ 4.

ರಿಜೆನರೇಟರ್ ಎಂಬ ಶಕ್ತಿಯವರಿಗೆ ಬೇರೆ ಲೆಕ್ಕ. ಹೊರಗೆ ಹೋದಾಗಲೆಲ್ಲ ಅವರಿಗೆ ಮೂರನೇ ಒಂದು ಭಾಗ ಎಚ್‌ಪಿ ಮರಳುತ್ತದೆ, ಹೀಗಾಗಿ ಮೂರರಿಂದ ಭಾಗವಾಗುವ ಸಂಖ್ಯೆ ಅವರಿಗೆ ಚೆನ್ನ. ಮೀನ್‌ಫೂ ಇವಿ ಹಾಕದೆಯೇ 21ಕ್ಕೆ ನಿಲ್ಲುತ್ತದೆ, 7 ಮರಳುತ್ತದೆ. ಅದನ್ನು 23ಕ್ಕೆ ಏರಿಸಿದರೂ ಮರಳುವುದು 7. ಫೂಂಗಸ್‌ಗೆ 44 ಇವಿ ಹಾಕಿದರೆ 24, ಮರಳುವುದು 8. ಆದರೆ 24ಕ್ಕೆ ಸ್ಟೆಲ್ತ್ ರಾಕ್ 3 ಕಡಿಯುತ್ತದೆ, 23ಕ್ಕೆ 2. ಹಾಗಾದರೆ 23 ವಾಸಿಯೇ? ನನಗೆ 24 ಇಷ್ಟ. ಒಳಗೆ ಬರುವಾಗ ಒಂದು ಹೆಚ್ಚು ಹೋದರೂ ಹೊರಗೆ ಹೋಗುವಾಗ ಒಂದು ಹೆಚ್ಚು ಬರುತ್ತದೆ, ಕಲ್ಲು ಹಾಸದ ಕಾಳಗದಲ್ಲಿ ಅದೇ ಶುದ್ಧ ಲಾಭ.

ನಾಲ್ಕನೇ ಹೆಜ್ಜೆ: ಆರರ ತಂಡ

ಮೊದಲ ತಂಡವನ್ನು ಪೂರ್ತಿ ಸ್ವಂತವಾಗಿ ಕಟ್ಟಲು ಹೋಗಬೇಡಿ. ನಾನು ಹೊಸಬರಿಗೆ ಕೊಡುವ ಆರು ಇವು: ಗ್ಲಿಮೆಟ್, ಮೀನ್‌ಫೂ, ಫೂಂಗಸ್, ಪಾನ್‌ಯಾರ್ಡ್, ವಿಂಗಲ್, ಮ್ಯಾಗ್ನೆಮೈಟ್.

ಗ್ಲಿಮೆಟ್ ಮೊದಲು ಇಳಿದು ಸ್ಟೆಲ್ತ್ ರಾಕ್ ಹಾಸುತ್ತದೆ. ಅದನ್ನು ಯಾರಾದರೂ ದೈಹಿಕ ಏಟಿನಿಂದ ಹೊಡೆದರೆ ಟಾಕ್ಸಿಕ್ ಡೆಬ್ರಿ ಎಂಬ ಶಕ್ತಿಯಿಂದ ವಿಷದ ಮುಳ್ಳುಗಳೂ ತಾವಾಗಿ ಹರಡುತ್ತವೆ. ಇಪ್ಪತ್ತೇ ಎಚ್‌ಪಿ ಇರುವ ಆಟದಲ್ಲಿ ಒಳಬರುವಾಗಲೆಲ್ಲ ಎರಡು ಮೂರು ಅಂಕ ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ. ಅದರ ಕೆಲಸ ಅಲ್ಲಿಗೆ ಮುಗಿಯಿತು, ಬಿದ್ದರೂ ಚಿಂತೆಯಿಲ್ಲ. ಮೀನ್‌ಫೂ ಮತ್ತು ಫೂಂಗಸ್ ತಂಡದ ಬೆನ್ನೆಲುಬು: ಹೊಡೆತ ತಿನ್ನುತ್ತವೆ, ಹೊರಗೆ ಹೋಗಿ ಚೇತರಿಸಿಕೊಳ್ಳುತ್ತವೆ, ಮತ್ತೆ ಬರುತ್ತವೆ. ಮೀನ್‌ಫೂಗೆ ಫೇಕ್ ಔಟ್, ನಾಕ್ ಆಫ್, ಡ್ರೇನ್ ಪಂಚ್, ಯು-ಟರ್ನ್ ಎಂಬ ನಾಲ್ಕು ಏಟುಗಳನ್ನು ಕೊಡಿ. ಪಾನ್‌ಯಾರ್ಡ್ ಕೊನೆಯ ಹೊಡೆತಗಾರ. ಅದರ ಸಕ್ಕರ್ ಪಂಚ್ ಎದುರಾಳಿ ದಾಳಿಗೆ ಕೈಯೆತ್ತಿದಾಗ ಅವನಿಗಿಂತ ಮುಂಚೆ ಬೀಳುತ್ತದೆ. ವಿಂಗಲ್ ಓಟಗಾರ. ಮ್ಯಾಗ್ನೆಮೈಟ್‌ಗೆ ಸ್ಟರ್ಡಿಯ ಬದಲು ಮ್ಯಾಗ್ನೆಟ್ ಪುಲ್ ಕೊಟ್ಟರೆ ಎದುರಾಳಿಯ ಉಕ್ಕಿನ ಪೊಕೆಮಾನ್ ಹಿಂದೆ ಸರಿಯಲಾರದೆ ಸಿಕ್ಕಿಬೀಳುತ್ತದೆ.

ಈ ತಂಡಕ್ಕೊಂದು ಊನವಿದೆ. ಗ್ಲಿಮೆಟ್ ಮತ್ತು ಮ್ಯಾಗ್ನೆಮೈಟ್ ಎರಡಕ್ಕೂ ನೆಲದ ಟೈಪಿನ ಏಟು ನಾಲ್ಕು ಪಟ್ಟು ತಾಗುತ್ತದೆ. ನೆಲದ ಏಟು ಬರುವ ಸೂಚನೆ ಸಿಕ್ಕರೆ ವಿಂಗಲ್ ಅಥವಾ ಫೂಂಗಸ್ ಬರಬೇಕು: ವಿಂಗಲ್‌ಗೆ ಅದು ತಾಗುವುದೇ ಇಲ್ಲ, ಫೂಂಗಸ್ ತಡೆದುಕೊಳ್ಳುತ್ತದೆ. ಹತ್ತಿಪ್ಪತ್ತು ಕಾಳಗ ಆಡಿದ ಮೇಲೆ ನಿಮಗೇ ಕೈ ತುರಿಸುತ್ತದೆ, ಆರರಲ್ಲಿ ಒಂದನ್ನು ಬದಲಿಸುತ್ತೀರಿ. ಆಗ ಷೆಲ್ಡರ್ ಪ್ರಯತ್ನಿಸಿ. ಷೆಲ್ ಸ್ಮ್ಯಾಶ್ ಒತ್ತಿದರೆ ಅದರ ದಾಳಿಯೂ ವೇಗವೂ ಇಮ್ಮಡಿ: ಜಾಲಿ ನೇಚರ್‌ನಲ್ಲಿ ವೇಗ 14ರಿಂದ 28. ಸ್ಕಿಲ್ ಲಿಂಕ್ ಶಕ್ತಿ ಇದ್ದರೆ ಐಸಿಕಲ್ ಸ್ಪಿಯರ್ ಎಂಬ ಏಟು ಐದೂ ಸಲ ಬೀಳುತ್ತದೆ. ರಕ್ಷಣೆಗಳು ಮಾತ್ರ ಇಳಿದಿರುತ್ತವೆ, ವೇಗವನ್ನು ಲೆಕ್ಕಿಸದೆ ಮೊದಲೇ ಬೀಳುವ ಮ್ಯಾಕ್ ಪಂಚ್‌ನಂಥ ಏಟಿಗೆ ಬಲಿಯಾಗುತ್ತದೆ.

ತಂಡ ಸಿದ್ಧವಾದ ಮೇಲೆ ವ್ಯಾಲಿಡೇಟ್ ಗುಂಡಿ ಒತ್ತಿ. ಲೆವೆಲ್ 5 ಮೀರಿದ್ದರೆ, ನಿಷೇಧಿತ ಪೊಕೆಮಾನ್ ಇದ್ದರೆ ಅದೇ ತಿಳಿಸುತ್ತದೆ. ಸೈಥರ್, ಗ್ಲೈಗರ್ ಮೊದಲಾದವು ಮೊದಲ ಮೆಟ್ಟಿಲಿನವೇ ಆದರೂ ಮರಿಗಳ ನಡುವೆ ಆನೆ ಬಿಟ್ಟಂತಾಗುವುದರಿಂದ ಹೊರಗಿಡಲಾಗಿದೆ. ಹಳೆಯ ತಲೆಮಾರುಗಳಲ್ಲಿ ಯಾವಾಗಲೂ 20 ಕಳೆಯುವ ಸಾನಿಕ್ ಬೂಮ್, 40 ಕಳೆಯುವ ಡ್ರ್ಯಾಗನ್ ರೇಜ್ ಎರಡಕ್ಕೂ ನಿಷೇಧವಿದೆ. ಕಾರಣ ಹೇಳಬೇಕಿಲ್ಲ.

ಐದನೇ ಹೆಜ್ಜೆ: ಮೊದಲ ಹತ್ತು ಕಾಳಗ

ಹತ್ತೂ ಸೋಲಬಹುದು. ಶ್ರೇಯಾಂಕ 1000ದಿಂದ ಆರಂಭವಾಗುತ್ತದೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ, ಆದ್ದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಆಡುವವರು ಕಡಿಮೆ ಇರುವ ಬಗೆಯಾದ್ದರಿಂದ ಎದುರಾಳಿ ಸಿಗಲು ಕೆಲವೊಮ್ಮೆ ಕಾಯಬೇಕಾಗುತ್ತದೆ.

ಕಾಳಗ ತೆರೆದೊಡನೆ ಎರಡೂ ಕಡೆಯ ಆರಾರು ಪೊಕೆಮಾನ್ ಕಾಣುತ್ತವೆ. ಗುಂಡಿ ಒತ್ತುವ ಆತುರ ಬೇಡ. ಎದುರಿನ ಆರರಲ್ಲಿ ನಿಮ್ಮ ತಂಡವನ್ನು ಒಬ್ಬಂಟಿಯಾಗಿ ಗುಡಿಸಿಹಾಕಬಲ್ಲದ್ದು ಯಾವುದು ಎಂದು ಹುಡುಕಿ. ಅದನ್ನು ತಡೆಯಬಲ್ಲ ನಿಮ್ಮ ಪೊಕೆಮಾನ್ ಯಾವುದೋ, ಅದನ್ನು ಕೊನೆಯವರೆಗೂ ಗಾಯವಾಗದಂತೆ ಕಾಪಾಡಿ. ಎದುರಿಗೆ ಷೆಲ್ಡರ್ ಇದ್ದರೆ ನಿಮ್ಮ ಪಾನ್‌ಯಾರ್ಡ್ ಅನ್ನು ಮೊದಲ ಐದು ಸರದಿಯಲ್ಲಿ ಸಿಕ್ಕಸಿಕ್ಕ ಏಟಿಗೆ ಒಡ್ಡಬೇಡಿ, ಸಕ್ಕರ್ ಪಂಚ್ ಬೇಕಾಗುವ ಹೊತ್ತು ಬರುತ್ತದೆ.

ಆಮೇಲೆ ಎಣಿಸಿ. ಎದುರಾಳಿಗೆ ಎಷ್ಟು ತಾಗಿತು ಎನ್ನುವುದು ಶೇಕಡಾದಲ್ಲಿ ಕಾಣುತ್ತದೆ; ಅದನ್ನು ಅಂಕಕ್ಕೆ ಇಳಿಸಿಕೊಳ್ಳಿ. ಎಚ್‌ಪಿ 21ರಲ್ಲಿ ಒಂದು ಅಂಕ ಸುಮಾರು ಶೇಕಡಾ 5. ನಿಮ್ಮ ಏಟು ಶೇಕಡಾ 48 ಕಳೆದರೆ ಅದು ಹತ್ತು ಅಂಕ, ಉಳಿದದ್ದು ಹನ್ನೊಂದು. ನಿಮ್ಮ ಇನ್ನೊಂದು ಏಟು ಒಂಬತ್ತರಿಂದ ಹನ್ನೆರಡು ಕಳೆಯುವುದಾದರೆ ಬೀಳಬಹುದು, ಬೀಳದಿರಬಹುದು. ಮೊದಲು ಫೇಕ್ ಔಟ್ ಹೊಡೆದು ಮೂರು ನಾಲ್ಕು ಅಂಕ ಕಡಿದಿಟ್ಟರೆ ಖಂಡಿತ ಬೀಳುತ್ತದೆ. ಪಕ್ಕದಲ್ಲಿ ಕಾಗದ, ಪೆನ್ಸಿಲ್ ಇಟ್ಟುಕೊಳ್ಳಿ. ಶೋಡೌನ್‌ನ ಏಟಿನ ಗಣಕವನ್ನು ಇನ್ನೊಂದು ಕಿಟಕಿಯಲ್ಲಿ ತೆರೆದಿಡಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೂ ಮೊದಲ ಕೆಲವು ದಿನ ಕೈಯಲ್ಲೇ ಲೆಕ್ಕ ಹಾಕಿ. ಸಂಖ್ಯೆಗಳು ಮನಸ್ಸಿನಲ್ಲಿ ಕೂರುವುದು ಹಾಗೆಯೇ.

ಒಂದು ದುರಭ್ಯಾಸವನ್ನು ಮೊದಲೇ ಬಿಡಿಸಿಕೊಳ್ಳಿ: ಸೋಲುತ್ತಿರುವ ಪೊಕೆಮಾನ್ ಅನ್ನು ಅಂಗಳದಲ್ಲೇ ನಿಲ್ಲಿಸಿ ಹೊಡೆಸಿಕೊಳ್ಳುವುದು. ಒಳ್ಳೆಯ ಆಟಗಾರರ ಕಾಳಗ ನೋಡಿದರೆ ಅರ್ಧ ಸರದಿಗಳು ಬರೀ ಒಳಗೆ ಹೊರಗೆ ಓಡಾಟವೇ ಆಗಿರುತ್ತವೆ. ಪ್ರತಿ ಕಾಳಗ ಮುಗಿದ ಮೇಲೆ ಅದರ ಮರುನೋಟವನ್ನು ಇಳಿಸಿಕೊಳ್ಳುವ ಗುಂಡಿ ಇದೆ. ಸೋತ ಕಾಳಗಗಳನ್ನು ಇಳಿಸಿಟ್ಟು, ವಿದ್ಯುತ್ ಹೋದ ರಾತ್ರಿ ಮೊಬೈಲಿನಲ್ಲಿ ಒಂದೊಂದೇ ಸರದಿ ಮುಂದೂಡುತ್ತ ನೋಡಿ. ಯಾವ ಸರದಿಯಲ್ಲಿ ಕಾಳಗ ಕೈತಪ್ಪಿತು ಎಂದು ಬೆರಳಿಟ್ಟು ತೋರಿಸಲು ಆಗುವವರೆಗೆ ಬಿಡಬೇಡಿ. ಸಾಮಾನ್ಯವಾಗಿ ಅದು ನಿಮ್ಮ ಪೊಕೆಮಾನ್ ಬಿದ್ದ ಸರದಿಯಲ್ಲ, ಅದಕ್ಕಿಂತ ಮೂರು ನಾಲ್ಕು ಸರದಿ ಹಿಂದಿನದು.

ಆರನೇ ಹೆಜ್ಜೆ: ಮನೆಯಲ್ಲೊಂದು ಪಂದ್ಯಾವಳಿ

ಅಪರಿಚಿತರೊಡನೆ ಆಡಿ ಕಲಿಯುವುದಕ್ಕಿಂತ ಬೇಗ ಗೊತ್ತಿರುವವರೊಡನೆ ಆಡಿ ಕಲಿಯಬಹುದು. ಕಕ್ಕಡ ತಿಂಗಳ ಮಳೆಯಲ್ಲಿ ನೆಂಟರ ಮಕ್ಕಳೆಲ್ಲ ಸೇರಿದಾಗ, ಕೈಲ್‌ಪೊಳ್ದ್ ಹಬ್ಬದ ರಜೆಯಲ್ಲಿ, ಆರು ಜನ ಸಿಕ್ಕರೆ ಸಾಕು. ಒಬ್ಬೊಬ್ಬರೂ ಎಲ್ಲರೊಡನೆ ಒಮ್ಮೆ ಆಡಿದರೆ ಹದಿನೈದು ಕಾಳಗ. ಎದುರಾಳಿಯ ಹೆಸರು ಹುಡುಕಿ, ಸವಾಲು ಕಳಿಸಿ, ಬಗೆಯಲ್ಲಿ ಎಲ್‌ಸಿ ಆರಿಸಿದರೆ ಆಯಿತು. ಎರಡು ಮೊಬೈಲ್ ಇದ್ದರೂ ನಡೆಯುತ್ತದೆ, ಉಳಿದವರು ನೋಡುತ್ತಾರೆ. ನೋಡುವವರು ಸರದಿಯ ನಡುವೆ ಸಲಹೆ ಕೊಡಬಾರದು ಎಂದು ಮೊದಲೇ ಹೇಳಿಬಿಡಿ, ಇಲ್ಲವಾದರೆ ಹಿರಿಯರು ಯಾರಾದರೂ ಬಂದು ಬೈಯುವವರೆಗೆ ಗಲಾಟೆ ನಿಲ್ಲುವುದಿಲ್ಲ.

ನಮ್ಮಲ್ಲಿ ಎರಡು ನಿಯಮ ಸೇರಿಸಿಕೊಂಡಿದ್ದೇವೆ. ಮೊದಲನೆಯದು, ಯಾರೂ ಇನ್ನೊಬ್ಬರ ಆರನ್ನೇ ಹಾಗೆಯೇ ನಕಲು ಮಾಡುವಂತಿಲ್ಲ, ಕನಿಷ್ಠ ಎರಡು ಬೇರೆ ಇರಬೇಕು. ಎರಡನೆಯದು, ಕಾಳಗ ಮುಗಿದೊಡನೆ ಗೆದ್ದವರೂ ಸೋತವರೂ ತಂಡದ ಪುಟ ತೆರೆದು ಮೇಜಿನ ಮೇಲೆ ಇಡಬೇಕು, ಇವಿ ಸಮೇತ. ಹೋದ ಸಲ ಚಿಕ್ಕಪ್ಪನ ಮಗ ತನ್ನ ಪುಟ ತೆರೆದಿಟ್ಟಾಗ ಮೀನ್‌ಫೂಗೆ ದಾಳಿ 236, ರಕ್ಷಣೆ 36, ವೇಗ 236 ಎಂದಿತ್ತು. ಉಳಿದ ಎರಡು ಇವಿಯನ್ನು ಹಾಗೆಯೇ ಬಿಟ್ಟಿದ್ದ.